ಕೆಂಪು ದಾರದ ನಳಿಕೆ

ಜುಲೈ 11, 2005
ಇವತ್ತೂ ಹನ್ನೆರಡು ಸ್ಯಾಂಪಲ್. ಹೋದ ವಾರದವರೆಗೂ ಇಲಿಗಳ ರಕ್ತ, ಈಗ ಮನುಷ್ಯರದು. ಆರು ಸಕ್ಕರೆ ಕಾಯಿಲೆಯವರು, ಆರು ಆರೋಗ್ಯವಂತರು. ಡೈ ಹಾಕು, ಕತ್ತಲಲ್ಲಿಡು, ಮೆಷಿನ್‌ಗೆ ಕೊಡು. ರಕ್ತದಲ್ಲಿ ಆಮ್ಲಜನಕದ ಪುಂಡ ಕಣಗಳು ಹೆಚ್ಚಿದ್ದಷ್ಟೂ ಡೈ ಹಸಿರಾಗಿ ಹೊಳೆಯುತ್ತದೆ. ನನ್ನ ಪಿಎಚ್‌ಡಿ ನಿಂತಿರುವುದೇ ಈ ಹಸಿರಿನ ಮೇಲೆ.

ರಕ್ತದ ವಾಸನೆ ಊಟದ ಡಬ್ಬಿಗೂ ಹತ್ತಿದೆ. ಥೂ. ಒಂದೇ ಪ್ಲಾಸ್ಟಿಕ್ ನಳಿಕೆಯಲ್ಲಿ ಎಲ್ಲರದ್ದನ್ನೂ ಅಳೆಯಲು ಹೇಸಿಗೆ. ರೋಗಿಗಳಿಗೇ ಬೇರೆ ನಳಿಕೆ ಇಟ್ಟು ಕೆಂಪು ದಾರ ಕಟ್ಟಿದೆ. ರೋಗದ ರಕ್ತ, ಚೆನ್ನಾಗಿ ತೊಳೆಯಿರಿ ಎಂದು ಅಟೆಂಡರ್ ಮಹಾಲಿಂಗಯ್ಯನಿಗೆ ಎರಡು ಸಲ ಹೇಳಿದ್ದೇನೆ.

ಆಗಸ್ಟ್ 2
ರೋಗಿಗಳದ್ದೆಲ್ಲ ಮೂರು ಪಟ್ಟು ಹಸಿರು! ಗೈಡ್ ವೀರಭದ್ರಯ್ಯ ಸರ್ ಆಗಲೇ ಪೇಪರ್ ಬರೆಯಲು ಕೂತಿದ್ದಾರೆ.

ರಕ್ತ ಕೊಟ್ಟಿದ್ದ ರೋಗಿ, ಬೆಳ್ಳಾವಿಯ ಕದರಮ್ಮ ರಿಪೋರ್ಟ್ ಕೇಳಲು ಬಂದಿದ್ದರು. ಬಾಯ್ತುಂಬ ಎಲೆಅಡಿಕೆ, ನನ್ನ ಮೇಜಿನ ಮೇಲೆ ಕೆಂಪು ಹನಿ. ಅವರು ಎದ್ದು ಹೋದರೆ ಸಾಕಾಗಿತ್ತು. ನಿಮ್ಮ ರಕ್ತದಲ್ಲೇ ವಿಷ ಸೇರಿದೆ ಅಂದುಬಿಟ್ಟೆ. ಜೊತೆಗಿದ್ದ ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು.

ಸೆಪ್ಟೆಂಬರ್ 20
ಪೇಪರ್ ಅಕ್ಸೆಪ್ಟ್ ಆಯಿತು. ಸರ್ ಪೇಡ ಹಂಚಿದರು.

ಸೆಪ್ಟೆಂಬರ್ 26, ಸಂಜೆ 5
ಕದರಮ್ಮ ಎರಡನೇ ಸಲ ರಕ್ತ ಕೊಟ್ಟರು. ಬಾಯಲ್ಲಿ ಎಲೆಅಡಿಕೆ ಇಲ್ಲ. ಸೋತ ಮುಖ. "ನಂಗೆ ಬ್ಯಾರೆ ತಟ್ಟೆ ಮಡಗವ್ರೆ ಕಣವ್ವ. ಮೊಮ್ಮಗೀನೂ ಮುಟ್ಟಂಗಿಲ್ಲ. ಇಸ ಇಳುದಿದ್ರೆ ಒಂದ್ ಚೀಟಿ ಬರ್ಕೊಡು."

ಅದೇ ಗುಂಗಿನಲ್ಲಿ ಡೈ ಹಾಕುವುದನ್ನೇ ಮರೆತು ಮೆಷಿನ್‌ಗೆ ಕೊಟ್ಟೆ. ಆದರೂ ಹಸಿರು. ಡೈ ಇಲ್ಲದೆ ಹೊಳೆಯುವುದು ಹೇಗೆ? ಡೈ ಹಾಕದ ನನ್ನ ರಕ್ತವನ್ನೇ ಕೆಂಪು ದಾರದ ನಳಿಕೆಗೆ ಹಾಕಿದೆ… ಹಸಿರು. ಕದರಮ್ಮನದ್ದಕ್ಕೆ ಡೈ ಹಾಕಿ ಇನ್ನೊಂದು ನಳಿಕೆಯಲ್ಲಿ ಅಳೆದೆ. ಆರೋಗ್ಯವಂತರಷ್ಟೇ.

ಸೆಪ್ಟೆಂಬರ್ 27
ಬೆಳಿಗ್ಗೆ ಎಂಟಕ್ಕೇ ಹೋಗಿ ಮಹಾಲಿಂಗಯ್ಯ ತೊಳೆಯುವುದನ್ನು ನೋಡಿದೆ. ಸೋಪು, ನಲ್ಲಿ ನೀರು, ಕೊನೆಗೆ ಒಂದು ಲೋಟ ಹಳದಿ ನೀರು. ಅದೇನು ಅಂದೆ. "ರೋಗದ್ ರಕ್ತ ಅಂದ್ರಲ್ಲ ಮೇಡಂ. ಮೈಮ್ಯಾಲೆ ಅಮ್ಮ ಎದ್ದೋರ್ಗೆ ಅರಿಶ್ನದ್ ನೀರು ಹುಯ್ಯಲ್ವಾ, ಅಂಗೇ. ಒಂದಿನಾನೂ ತಪ್ಸಿಲ್ಲ."

ಪ್ಲಾಸ್ಟಿಕ್ಕಿಗೆ ಅಂಟಿ ಉಳಿದ ಅರಿಶಿನವೂ ಮೆಷಿನ್ನಿನ ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದೆ. ಹೋಲಿಕೆಗೆ ಇಡುವ ಡೈ ಹಾಕದ ಸ್ಯಾಂಪಲ್ಲನ್ನು, ಅಂದರೆ ಬ್ಲಾಂಕನ್ನು, ಎರಡು ನಳಿಕೆಯಲ್ಲೂ ಅಳೆಯಬೇಕಿತ್ತು. ಕೆಂಪು ದಾರದ್ದನ್ನು ಇನ್ನೊಂದು ಸಲ ಮುಟ್ಟಲು ಹೇಸಿ ಒಂದರಲ್ಲೇ ಮುಗಿಸಿದವಳು ನಾನು. ಮಡಿವಂತೆ!

ಸರ್‌ಗೆ ಹೇಳಿದೆ. ಬಾಗಿಲು ಹಾಕಿದರು. ಜನವರಿಗೆ ಥೀಸಿಸ್ ಕೊಡಬೇಕಲ್ಲ, ಸುಮ್ಮನಿರಿ ಅಂದರು. ಆಮೇಲೆ, ಅರಿಶಿನ ಶುಭವಲ್ಲವೇ ಎಂದು ನಕ್ಕರು. ಹೇಸಿಗೆಯಾಯಿತು. ಅವರನ್ನು ನೋಡಿ ಅರ್ಧ, ನನ್ನನ್ನು ನೋಡಿ ಅರ್ಧ.

ಅಕ್ಟೋಬರ್ 4
ಪೇಪರ್ ವಾಪಸ್ ಪಡೆಯುವ ಪತ್ರ ನಿನ್ನೆ ಕಳಿಸಿದೆ. ಸರ್ ಬೇರೆ ಗೈಡ್ ನೋಡಿಕೊಳ್ಳಿ ಅಂದರು. ಮೂರು ವರ್ಷ ನೀರುಪಾಲಾಯಿತು.

ಇವತ್ತು ಶಿರಾ ಗೇಟ್ ಸ್ಟಾಪಿನಲ್ಲಿ ಬೆಳ್ಳಾವಿ ಬಸ್ ಹತ್ತಿದೆ. ಕದರಮ್ಮ ಜಗಲಿಯ ಮೇಲೆ ಒಬ್ಬರೇ ಉಣ್ಣುತ್ತಿದ್ದರು. ತಟ್ಟೆಯ ಅಂಚಿಗೆ ಕೆಂಪು ಬಣ್ಣದ ಗುರುತು. ನೋಡಲಾಗಲಿಲ್ಲ.

ತಪ್ಪು ನನ್ನದು, ಇವರ ರಕ್ತದಲ್ಲಿ ವಿಷ ಇಲ್ಲ ಎಂದು ಸೊಸೆಗೆ ಹೇಳಿದೆ. ಅವಳು ಮಗುವನ್ನು ಸೊಂಟಕ್ಕೆ ಒತ್ತಿಕೊಂಡೇ ನಿಂತಿದ್ದಳು. "ಅವತ್ತು ಇಸ ಅಂದೋರೂ ನೀವೇ. ಹಂಗಾದ್ರೆ ಆ ತಟ್ಟೇಲಿ ಉಣ್ತೀರಾ?"

ಕದರಮ್ಮ ತಟ್ಟೆ ಈ ಕಡೆ ತಳ್ಳಿದರು. ಅರ್ಧ ಮುರಿದ ಮುದ್ದೆ, ಅವರ ಬೆರಳಿನ ಗುರುತು. ಕೂತೆ. ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದೆ. ಇನ್ನೊಂದು. ಸೊಸೆ ನೋಡುತ್ತಲೇ ಇದ್ದಳು. ಮೂರನೆಯದಕ್ಕೆ ಕೈ ಹಾಕುವಾಗ ಅವಳು ಬಗ್ಗಿ, ಮಗುವನ್ನು ಮೆಲ್ಲಗೆ ಕದರಮ್ಮನ ತೊಡೆಯ ಮೇಲೆ ಕೂರಿಸಿದಳು.