ಹನ್ನೊಂದು ವೋಟು

ಪ್ರೀತಿಯ ಅಕ್ಕ,

ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಶಿಕಾಗೋದಲ್ಲಿರುವ ನೀನು ನಂಬಲಿಕ್ಕಿಲ್ಲ. ನೆಬ್ರಾಸ್ಕಾದ ಈ ನನ್ನ ಗಂಡನ ಊರು ಅಜ್ಜಂದಿರ ಕಾಲದಿಂದಲೂ ರಿಪಬ್ಲಿಕನ್ನರದು. ಡೆಮಾಕ್ರಾಟರಿಗೆ ಬೀಳುವ ಮೂರೋ ನಾಲ್ಕೋ ವೋಟು ಈ ಸಲ ಹನ್ನೊಂದಾಗಿದೆ. ಇವತ್ತು ಬೆಳಿಗ್ಗೆ ಹೋಟೆಲಿನಲ್ಲಿ ಎಲ್ಲರಿಗೂ ಮೆಕ್ಕೆಜೋಳದ ಬೆಲೆ ಮರೆತುಹೋಗಿ, ಅವು ಯಾರವೆಂದು ಹುಡುಕುವುದೇ ಕೆಲಸವಾಗಿತ್ತು.

"ಒಂದಂತೂ ಟೀಚರಮ್ಮಂದೇ" ಎಂದ ನಮ್ಮ ಪಕ್ಕದ ಹೊಲದ ವರ್ಲಿನ್, ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಟೀಚರ್ ಜೋಯಾನ್‌ಗೆ ಕೇಳಿಸಲೆಂದೇ. "ಇಂಥೋಳು ಮಕ್ಕಳಿಗೆ ಏನು ಕಲಿಸ್ತಾಳೋ! ಶಾಲೆ ಕಮಿಟಿಗೆ ಹೇಳಿ ಮನೆಗೆ ಕಳಿಸ್ಬೇಕು."

ಪಾಪ, ಅವಳು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದಳು.

ನನಗೆ ತಡೆಯಲಾಗಲಿಲ್ಲ. "ಅದರಲ್ಲಿ ಒಂದು ನಂದು ವರ್ಲಿನ್, ನನ್ನನ್ನೂ ಓಡಿಸು ನೋಡೋಣ!" ಎಂದೆ. ನನ್ನ ಗಂಡ ತಟ್ಟೆಯಲ್ಲಿದ್ದ ಮೊಟ್ಟೆಯನ್ನೇ ನೋಡುತ್ತಾ ಕೂತ.

ಆಗ ವರ್ಲಿನ್ನನ ತಾಯಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಆರ್ಡಿಸ್ ಅಜ್ಜಿ, ಚಮಚ ಕೆಳಗಿಟ್ಟಳು.

"ಇನ್ನೊಂದು ನಂದು ಕಣೋ. ನಿಮ್ಮಪ್ಪ ಬದುಕಿದ್ದಾಗಿಂದ ಹಾಕ್ತಿದ್ದೀನಿ, ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಏಳು, ಹೋಗಿ ಆ ಹುಡುಗಿ ಹತ್ರ ತಪ್ಪಾಯ್ತು ಅನ್ನು!"

ವರ್ಲಿನ್ ಟೋಪಿ ಹಿಡಿದುಕೊಂಡು ಹೊರಗೆ ಓಡಿದ. ಅಷ್ಟರಲ್ಲಿ ಜೋಯಾನ್‌ಳ ಕಾರು ಹೋಗಿಯಾಗಿತ್ತು. ಸಂಜೆ ಅವಳ ಮನೆಗೇ ಹೋಗುತ್ತಾನಂತೆ, ಅಜ್ಜಿಯೂ ಜೊತೆಗಿರುತ್ತಾಳೆ.

ನೀನು ಕೇಳಿದ್ದ ನನ್ನ ಹಲ್ಲುನೋವು ಕಡಿಮೆಯಾಗಿದೆ. ಗಂಡ ಹೊಲಕ್ಕೆ ಹೋಗಿದ್ದಾನೆ. ಅವನ ವೋಟು ಯಾರಿಗೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಕಾರ್ಡು ತುಂಬಿತು.

ನಿನ್ನ ತಂಗಿ,
ಲೋರೀನ್