ಈ ವರ್ಷ ಮರಿ ಕಟ್ಟುವುದಿಲ್ಲ

ಸೋಂಕುಲ್ ಹುಲ್ಲುಗಾವಲು
ಜೂನ್ ಹನ್ನೊಂದು

ನಮ್ಮ ಯಜಮಾನರಿಗೆ, ನಿಮ್ಮ ಮುದುಕಿಯ ಸಲಾಂ.

ಸೊಂಟದ ನೋವು ಹೇಗಿದೆ? ನರಿನ್ ಆಸ್ಪತ್ರೆಯ ಗಂಜಿ ಬಾಯಿಗೆ ಸೇರುತ್ತಿದೆಯೋ, ಉಪ್ಪಿಲ್ಲವೆಂದು ಅಲ್ಲಿಯ ನರ್ಸುಗಳ ಜೀವ ತಿನ್ನುತ್ತಿದ್ದೀರೋ? ನಾನು ಗಟ್ಟಿಯಾಗಿದ್ದೇನೆ. ಮಗ ಮೆದೆರ್ ಮಾತ್ರ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಾನೆ.

ಲಾರಿಯವನ ಕೈಲಿ ನೀವು ಹೇಳಿಕಳಿಸಿದ್ದು ತಲುಪಿತು. ‘ಕುದುರೆ ಮರಿಗಳನ್ನ ಹಗ್ಗಕ್ಕೆ ಕಟ್ಟು, ಹಾಲು ಕರಿ, ವರ್ಷದ ಮೊದಲ ಕುಮಿಸ್ ಎಲ್ಲಾ ಡೇರೆಗೂ ಹಂಚು, ನನ್ ಮರ್ಯಾದೆ ತೆಗೀಬೇಡ.’ ಕಟ್ಟುವುದಿಲ್ಲ. ಕುದುರೆ ಹಾಲು ಹುಳಿಸಿ ಹಂಚುವುದೂ ಇಲ್ಲ. ಹುಟ್ಟಿದ ಮಾರನೆಯ ದಿನವೇ ಎರಡು ಮರಿಗಳು ರಕ್ತಭೇದಿಯಾಗಿ ಸತ್ತವು. ಆಮೇಲೆ ನಿಮ್ಮ ಮುದ್ದಿನ ಕಂದು ಕುದುರೆಗೂ ಅದರ ಮರಿಗೂ ಅದೇ ಭೇದಿ ಹತ್ತಿತು. ಪಶುವೈದ್ಯೆ ಜಿಪಾರ್ ಬಂದು ನೋಡಿ, ಇದು ಕರುಳಿಗೆ ಹತ್ತುವ ರೋಗಾಣು, ಲದ್ದಿಯಿಂದ ಮಣ್ಣಿಗೆ, ಮಣ್ಣಿನಿಂದ ಬಾಯಿಗೆ ಹೋಗುತ್ತದೆ, ದೊಡ್ಡ ಕುದುರೆಯನ್ನೂ ಬಿಡುವುದಿಲ್ಲ ಎಂದಳು. ಇಂಥದ್ದರಲ್ಲಿ ಮರಿಗಳನ್ನೆಲ್ಲ ಒಂದೇ ಹಗ್ಗಕ್ಕೆ, ಒಂದೇ ನೆಲದ ಮೇಲೆ ದಿನವಿಡೀ ಕಟ್ಟಿದರೆ ನಾನೇ ಕೈಯಾರೆ ರೋಗ ತಿನ್ನಿಸಿದಂತೆ. ಗೂಟಗಳನ್ನು ಕಿತ್ತು ಬಿಸಾಡಿದೆ. ಮರಿ ಪಕ್ಕದಲ್ಲಿ ಕಟ್ಟಿರದಿದ್ದರೆ ತಾಯಿ ಹಾಲು ಕರೆಯಲು ನಿಲ್ಲುವುದಿಲ್ಲ, ಹಾಗಾಗಿ ಕುಮಿಸೂ ಇಲ್ಲ.

ಪಕ್ಕದ ಡೇರೆಯ ಸಾತಿಕುಲ್ ಬಟ್ಟಲು ಹಿಡಿದೇ ಬಂದ. ‘ಗಂಡ ಮಲಗಿದ್ದೇ ತಡ, ಅಕ್ಕನ ಕೈ ಬಿಗಿಯಾಯ್ತು ನೋಡ್ರಪ್ಪಾ!’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ನಾನು ಬಿಡುತ್ತೇನೆಯೇ? ‘ನಿನ್ ಮರಿ ಬದುಕ್ಲಿ ಅಂತಾನೇ ಬರೀ ಬಟ್ಲು ಕಳಿಸ್ತಿದೀನಿ, ಹೋಗೋ. ಹೋಗೋವಾಗ ಆ ಬೂಟು ತೊಳ್ಕೊಂಡ್ ಹೋಗು’ ಎಂದೆ. ತೊಳೆದುಕೊಂಡೇ ಹೋದ. ಮೆದೆರ್‌ಗೆ ನಾಚಿಕೆಯಂತೆ. ‘ಒಂದೊಂದ್ ಗುಟುಕಾದ್ರೂ ಕೊಡವ್ವಾ’ ಎಂದು ಹಿಂದೆ ಹಿಂದೆಯೇ ಸುತ್ತುತ್ತಾನೆ. ಇರಲಿ, ನಾಚಿಕೆಯಿಂದ ಯಾರೂ ಸತ್ತಿಲ್ಲ.

ಕಂದು ಕುದುರೆಯ ಮರಿಯನ್ನು ಒಲೆಯ ಪಕ್ಕ ಕಂಬಳಿಯಲ್ಲಿ ಮಲಗಿಸಿ ಮದ್ದು ಹಾಕುತ್ತಿದ್ದೇನೆ, ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸುತ್ತಿದ್ದೇನೆ. ಇವತ್ತು ಎದ್ದು ನಿಂತು ನನ್ನ ಮೊಣಕಾಲಿಗೆ ಒದೆಯಿತು. ಆ ಕಾಲಿಗೆ ಮುತ್ತಿಡಬೇಕೆನ್ನಿಸಿತು.

ನೆಲಕ್ಕೆ ಕಾಲೂರಿ ನಡೆಯುವ ಶಕ್ತಿಯನ್ನು ದೇವರು ನಿಮಗೆ ಬೇಗ ಕೊಡಲಿ.

ನಿಮ್ಮ
ಬುರುಲ್

ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ಮಾತು ಬರೆಯುವುದನ್ನು ಮರೆತೆ ಎಂದರೆ ಸುಳ್ಳಾಗುತ್ತದೆ, ಕೈ ಬರಲಿಲ್ಲ. ನಿಮ್ಮ ಕಂದು ಕುದುರೆ ಉಳಿಯಲಿಲ್ಲ. ಮಾಂಸದವನು ಗಾಡಿ ತಂದಿದ್ದ, ಮೆದೆರ್ ಬೆಲೆ ಮಾತಾಡಿ ಕೈ ಕುಲುಕಿಯೂ ಆಗಿತ್ತು. ನಾನು ಕೊಡಲಿಲ್ಲ. ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಸುರಿಸಿ, ಮಣ್ಣು ಮುಚ್ಚುವ ತನಕ ಅಲ್ಲೇ ನಿಂತು ಅತ್ತೆ. ಬೈಯುವುದಿದ್ದರೆ ಲಾರಿಯವನ ಕೈಲಿ ಹೇಳಿಕಳಿಸಬೇಡಿ. ನಿಮ್ಮ ಕಾಲ ಮೇಲೆ ನಡೆದು ಬಂದು, ನನ್ನೆದುರು ನಿಂತು ಬೈಯಿರಿ.