ಅಡ್ಡ ನಿಂತ ಬೆಲ್ಲದ ಗಾಡಿ

ಹಿಂದೂಪುರ
14-6-1981

ಕಲ್ಯಾಣದುರ್ಗದಲ್ಲಿ ಮಗಳ ಮನೆಯಲ್ಲಿರುವ ಪಾಪಕ್ಕನವರಿಗೆ,

ಗೋರಂಟ್ಲ ನರಸಿಂಹಯ್ಯನವರ ಮಗಳು ಶಿವಲಕ್ಷ್ಮಮ್ಮ ಎಂಬ ನಾನು, ಮೂವತ್ತೆರಡು ವರ್ಷ ಎರಡು ತಿಂಗಳು ಕನ್ನಡ ಶಾಲೆಗಳಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದ ಉಪಾಧ್ಯಾಯಿನಿ, ನಿಮ್ಮ ಬಾಯಲ್ಲಿ ಪಂತುಲಮ್ಮ, ಬರೆಯುವುದು. ಕಣ್ಣಾರೆ ಕಂಡವರ ಮಾತು ಬೇರೆ, ಕೇಳಿ ಬರೆದವರ ಮಾತು ಬೇರೆ ಎಂದು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳುತ್ತಿದ್ದೆ. ನಿಮ್ಮ ವಿಷಯದಲ್ಲಿ ಅದನ್ನು ಪಾಲಿಸಲಿಲ್ಲ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾದಾಗ, ಹೋರಾಟಗಾರರ ಹೆಸರು ಕೆತ್ತುವ ಕಲ್ಲಿನಲ್ಲಿ ಗಂಡ ಬೋರಪ್ಪನವರ ಹೆಸರೂ ಇರಲೆಂದು ಹೇಳಿಕೆ ಬರೆಸಲು ನನ್ನ ಬಳಿ ಬಂದಿರಿ. ನಲವತ್ತೆರಡರ ಮೆರವಣಿಗೆಯ ದಿನ ನೀವು ಗಾಡಿಯಲ್ಲಿ ಅವರ ಪಕ್ಕದಲ್ಲೇ ಇದ್ದವರು. "ಜೈಕಾರ ಗೀಕಾರ ನಮ್ಮಾಯಪ್ಪಂಗೆ ತಿಳೀದು ಕಣಮ್ಮ ಪಂತುಲಮ್ಮ. ಮಧ್ಯಾಹ್ನದಾಗೆ ಬೆಲ್ಲದ ಗಾಡಿ ಹೊಡ್ಕೊಂಡು ಹೋಯ್ತಿದ್ವಿ. ಪೋಲೀಸ್ನೋರು ಇಸ್ಕೂಲು ಹುಡುಗ್ರನ್ನ ಅಟ್ಟಿಸ್ಕೊಂಡು ಬಂದ್ರು. ಆಯಪ್ಪ ಸಂದಿಗೆ ಗಾಡಿ ಅಡ್ಡ ನಿಲ್ಲಿಸ್ಬುಟ್ಟ. ಎತ್ತುಗಳಿಗಿದ್ದ ಬುದ್ಧಿ ಆಯಪ್ಪಂಗಿರಲಿಲ್ಲ, ಅವು ನೊಗ ಜಾಡಿಸ್ಕೊಂಡು ಓಡಿದ್ವು" ಎಂದು ನಕ್ಕಿರಿ. ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಪೊಲೀಸರಿಂದ ಬಿದ್ದ ಲಾಠಿಯೇಟಿಗೆ ಮೊಣಕೈ ಮುರಿದ ಬೋರಪ್ಪನವರು ಸಾಯುವವರೆಗೂ ನೇಗಿಲು ಹಿಡಿಯಲಿಲ್ಲ.

ಪೆನ್ಸಿಲಿನಲ್ಲಿ ಹಾಗೆಯೇ ಬರೆದುಕೊಂಡೆ. ಆಮೇಲೆ ಹಳೆಯ ಪತ್ರಿಕೆಯ ವರದಿ ತೆಗೆದು ನೋಡಿದೆ. ಅದರಲ್ಲಿ ಮೆರವಣಿಗೆ ನಡೆದದ್ದು ಬೆಳಿಗ್ಗೆ. ರೈತರು ಬಾವುಟ ಹಿಡಿದು ಮುಂದಿದ್ದರು. ಅಚ್ಚಾದದ್ದು ತಪ್ಪಿರಲಾರದು ಎಂದುಕೊಂಡೆ. ಬೆಲ್ಲದ ಗಾಡಿ ಚರಿತ್ರೆಗೆ ಸಾಲದು ಎಂದೂ ಅನ್ನಿಸಿತು. ಬೋರಪ್ಪನವರ ಕೈಗೆ ಬಾವುಟ ಕೊಟ್ಟು, ಮಧ್ಯಾಹ್ನವನ್ನು ಬೆಳಿಗ್ಗೆ ಮಾಡಿ, ಶಾಯಿಯಲ್ಲಿ ದುಂಡಗೆ ಬರೆದು, ನಿಮ್ಮ ಹೆಬ್ಬೆಟ್ಟು ಒತ್ತಿಸಿದೆ. ಓದಿ ಹೇಳಲಿಲ್ಲ.

ಕಲ್ಲಿಗೆ ಹೆಸರು ಆರಿಸುವ ಸಮಿತಿಯ ಜಯರಾಮಪ್ಪನವರು ಹೇಳಿಕೆ, ಪತ್ರಿಕೆಯ ವರದಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. "ಪೇಪರ್ನಾಗೆ ಇರೋದೇ ಸಾಲು ಸಾಲಾಗಿ ಐತಲ್ಲಮ್ಮ. ಈಯಮ್ಮ ಕಂಡಿದ್ದಾ, ಯಾರಾನಾ ಹೇಳಿಕೊಟ್ಟಿದ್ದಾ?" ಎಂದು ಕಾಗದ ಹಿಂದಕ್ಕೆ ಕೊಟ್ಟರು. ಅಲ್ಲೇ ನಿಂತಿದ್ದ ನಾನು ಬಾಯಿ ತೆರೆಯಲಿಲ್ಲ.

ಹೊರಗೆ ಬಂದು ನೀವು, "ನಾನೇನು ಸುಳ್ಳು ಹೇಳಿದ್ನಾ ಪಂತುಲಮ್ಮ?" ಎಂದು ಕೇಳಿದಿರಿ. "ಬಹಳ ವರ್ಷವಾಯಿತಲ್ಲ, ನಿಮಗೆ ಮರೆತಿರಬೇಕು" ಎಂದೆ. ಹೇಳಿಕೆ ತಿದ್ದಿದ್ದಕ್ಕಿಂತ ದೊಡ್ಡ ತಪ್ಪು ಅದು.

ನಿಮಗೆ ಏನೂ ಮರೆತಿರಲಿಲ್ಲ. ಕಲ್ಲಿನ ಬುಡದಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿದೆ. ತಾಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ; ಒಪ್ಪುತ್ತಾರೋ ಇಲ್ಲವೋ ತಿಳಿಯದು. ನೀವು ವಯಸ್ಸಿನಲ್ಲಿ ಹಿರಿಯರು. ಆಶೀರ್ವಾದ ಕೇಳುವ ಮುಖ ನನಗಿಲ್ಲ. ನೀವು ನೆಮ್ಮದಿಯಿಂದಿರಿ.

ನಿಮಗೆ ತಪ್ಪಿ ನಡೆದ,
ಗೋ. ನ. ಶಿವಲಕ್ಷ್ಮಮ್ಮ

ಇದರೊಂದಿಗೆ ಇರಿಸಿದ ಕಾಗದಗಳು:
1. ಪೆನ್ಸಿಲಿನಲ್ಲಿ ಬರೆದುಕೊಂಡ ನಿಮ್ಮ ಮಾತು, ನಾಲ್ಕು ಪುಟ.
2. ನಾನು ತಿದ್ದಿ ಬರೆದ ಹೇಳಿಕೆ.
3. ಪತ್ರಿಕೆಯ ವರದಿಯ ನಕಲು.
4. ತಿದ್ದಿದವಳು ನಾನೇ ಎಂದು ಒಪ್ಪಿ ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿ.
5. ನನ್ನ ವಿಳಾಸ ಬರೆದ ಖಾಲಿ ಕಾರ್ಡು. ಬೈಗುಳವಾದರೂ ಸರಿ, ನೀವು ಆಡಿದಂತೆಯೇ ಬರೆಸಿ.